ಕಿಯೊ ಹಿಮ ಹೊತ್ತ ದಿನ

ಉತ್ತರದ ಹಿಮನಾಡಿನ ನಾಯೊರೊ ಊರಿನ ಶಾಲೆಯ ಅಡುಗೆಮನೆಯಲ್ಲಿ ಕಿಯೊ ಮೂವತ್ತೊಂದು ವರ್ಷ ಅನ್ನ ಬೇಯಿಸಿದವಳು. ಅನ್ನ ಅರಳುವ ಮೊದಲು ಯಾರಾದರೂ ಮುಚ್ಚಳ ಮುಟ್ಟಿದರೆ ಸೌಟಿನಿಂದ ಕೈಗೆ ತಟ್ಟುತ್ತಿದ್ದಳು. ಅಂಥವಳಿಗೆ ಈ ಸಲ ಹಿಮ ಕರಗುವವರೆಗೆ ಕಾಯಲಾಗಲಿಲ್ಲ.

ಅಂಗಳದಲ್ಲಿ ಎದೆಮಟ್ಟದ ಹಿಮದ ಕೆಳಗೆ ಗಂಡ ತಾತ್ಸುಜಿ ಬೆಳೆಸಿದ ಪಿಯೋನಿ ಹೂವಿನ ಗೆಡ್ಡೆಯಿತ್ತು. ಎರಡು ತಳಿ ಬೆರೆಸಿ, ಬೀಜ ಹಾಕಿ ಅವನು ಎಬ್ಬಿಸಿದ ಗಿಡ. ಅಂಥದ್ದು ಮತ್ತೆಲ್ಲೂ ಇರಲಿಲ್ಲ. ಹೋದ ಜೂನಿನಲ್ಲಿ ಅದು ಮೊದಲ ಮೊಗ್ಗು ಬಿಟ್ಟಾಗ ಅವನು ಆಸ್ಪತ್ರೆಯಲ್ಲಿದ್ದ. ಆ ಒಂದೇ ಮೊಗ್ಗು ಅರಳುವ ಮೊದಲೇ ಮಳೆಗೆ ಕೊಳೆತು ಕಪ್ಪಾಯಿತು. ಎಲೆ ಉದುರುವ ಹೊತ್ತಿಗೆ ಅವನೂ ಹೋದ. ಆ ದುಃಖದಲ್ಲಿ ಚಳಿ ತಾಗದಂತೆ ಗೆಡ್ಡೆಗೆ ಹುಲ್ಲು ಹೊದಿಸುವುದು ಅವಳಿಗೆ ನೆನಪಾಗಲಿಲ್ಲ.

ಬದುಕಿದೆಯೋ ಇಲ್ಲವೋ ನೋಡಲೇಬೇಕೆಂದು, ಗದ್ದೆಯವರು ಮಾಡುವಂತೆ, ಮಾರ್ಚಿನಲ್ಲೇ ಒಲೆಯ ಬೂದಿಯನ್ನು ಹಿಮದ ಮೇಲೆ ಎರಚಿದಳು. ಬೂದಿ ಬಿದ್ದಲ್ಲಿ ಬಿಸಿಲು ಕಚ್ಚಿ ಹಿಮ ಬೇಗ ಕರಗಿತು. ಊರೆಲ್ಲ ಬೆಳ್ಳಗಿರುವಾಗಲೇ ಅವಳ ಅಂಗಳದಲ್ಲಿ ಮಣ್ಣು ಕಂಡಿತು. ಅದರ ಮೇಲೆ ಮೂರು ರಾತ್ರಿ ಬಿಡದೆ ಕೊರೆಯುವ ಚಳಿ ಬಿತ್ತು.

ನಾಲ್ಕನೆಯ ಬೆಳಿಗ್ಗೆ ಮಂಡಿಯೂರಿ ಬೆರಳಿನಿಂದ ಮಣ್ಣು ಸರಿಸಿದಳು. ಗೆಡ್ಡೆಯ ಮೇಲೆ ಚಿಗುರೊಡೆಯಬೇಕಿದ್ದ ಮೊದಲ ಕಣ್ಣು ಮುಟ್ಟಿದೊಡನೆ ಲೋಳೆಯಾಗಿ ಕಿತ್ತುಬಂತು. ಎರಡನೆಯದೂ ಹಾಗೆಯೇ.

"ಏನೇ ಕಿಯೊ, ನಿಧಿ ಸಿಕ್ತಾ?" ಬೇಲಿಯಾಚೆಯಿಂದ ಫುಕುಯೆ ಕೂಗಿದಳು. ಶಾಲೆಯಲ್ಲಿ ಜೊತೆಗೆ ಪಾತ್ರೆ ತೊಳೆದವಳು.

"ಸುಮ್ನಿರೇ. ಎರಡು ಕಣ್ಣು ಕೊಳೆತಿದೆ."

"ಬೂದಿ ಎರಚೋವಾಗ್ಲೇ ಹೇಳ್ದೆ. ಹಿಮಾನೇ ಅದಕ್ಕೆ ಕಂಬಳಿ ಕಣೆ. ನಮ್ ಕೈಗೆ ಸೌಟಲ್ಲಿ ಬಾರಿಸ್ತಿದ್ದೋಳು, ನೀನೇ ಮುಚ್ಚಳ ತೆಗೆದ್ಯಲ್ಲ!"

ಮೂರನೆಯ ಕಣ್ಣೂ ಕೈಗೆ ಬಂತು. ಕಿಯೊ ಅದನ್ನು ಎಸೆಯದೆ ಹಿಡಿದು ಕೂತಳು.

"ನಮ್ಮನೆಯೋರು ಕೊನೇ ದಿನಾನೂ ಕೇಳಿದ್ರು, ಫುಕುಯೆ. 'ಅರಳಿತಾ? ಯಾವ ಬಣ್ಣ?' ಅಂತ. ಕೆಂಪು ಅಂದ್ಬಿಟ್ಟೆ. ಅದು ಸುಳ್ಳೋ ನಿಜಾನೋ ನಂಗೇ ಗೊತ್ತಿಲ್ಲ."

ಫುಕುಯೆ ಬೇಲಿಗೆ ಹತ್ತಿರ ಬಂದು ಇಣುಕಿದಳು.

ನಾಲ್ಕನೆಯದು ಗೆಡ್ಡೆಯ ಅಂಚಿನಲ್ಲಿತ್ತು. ಉಗುರಿನಷ್ಟು ಚಿಕ್ಕದು, ಗಟ್ಟಿಯಾಗಿತ್ತು, ತುದಿ ನಸುಗೆಂಪು. ಕಿಯೊ ಮಣ್ಣನ್ನು ಮೆಲ್ಲಗೆ ಮುಚ್ಚಿದಳು.

"ಇವತ್ತು ರಾತ್ರೀನೂ ಮೈನಸ್ ಎಂಟಂತೆ, ರೇಡಿಯೋದಲ್ಲಿ ಹೇಳಿದ್ರು," ಎಂದಳು ಫುಕುಯೆ.

ಕಿಯೊ ಎದ್ದು ಕೊಟ್ಟಿಗೆಯ ಹಿಂದೆ ಉಳಿದಿದ್ದ ಕೊಳಕು ಹಿಮವನ್ನು ಬಾಂಡಲಿಗೆ ತುಂಬಿ ತಂದು ಗೆಡ್ಡೆಯ ಮೇಲೆ ಸುರಿದಳು. ಮತ್ತೆ ತಂದಳು. ಅಂಚೆಯವನು ಸೈಕಲ್ ನಿಲ್ಲಿಸಿ ನಕ್ಕ. "ಅಜ್ಜಿ, ಹಿಮ ಹೊರಗೆ ಹಾಕೋದು, ಒಳಗಲ್ಲ!" ಅವಳ ಬೆರಳು ಸೆಟೆದುಹೋಗಿದ್ದವು. ಗುಪ್ಪೆ ಮೊಣಕಾಲಿಗೆ ಬರುವ ಮೊದಲೇ ಹಿಮ ಮುಗಿಯಿತು.

ಬೇಲಿಗೆ ಬಂದು ಬಾಂಡಲಿ ಚಾಚಿದಳು. "ನಿನ್ ಅಂಗಳದ್ದು ಕೊಡೇ."

"ಹಿಮ ಬೇಡೋಳನ್ನ ಇವತ್ತೇ ನೋಡಿದ್ದು," ಎನ್ನುತ್ತ ಫುಕುಯೆ ಸಲಿಕೆ ಎತ್ತಿಕೊಂಡಳು. ಹತ್ತು ಬಾಂಡಲಿ ತುಂಬಿದ ಮೇಲೆ ಸೊಂಟ ಹಿಡಿದು ನಿಂತಳು. "ಸಾಕೇನೇ?"

"ಗೊತ್ತಿಲ್ಲ," ಎಂದಳು ಕಿಯೊ. "ಇನ್ನೂ ಹಾಕು."