ಮಣ್ಣಾಗುವ ಚೀಲ

‘ಇಲ್ಲಿ ಹರಿಯಿರಿ’ ಎಂದು ಬಾಣದ ಗುರುತು ಹಾಕಿ ತೋರಿಸಿದ ಜಾಗದಲ್ಲಿ ಯಾವ ಪೊಟ್ಟಣವಾದರೂ ಸರಿಯಾಗಿ ಹರಿದದ್ದನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಮೊದಲು ಉಗುರು, ಆಮೇಲೆ ಹಲ್ಲು, ಹಲ್ಲಿಗೂ ಬಗ್ಗದಿದ್ದರೆ ಅಡುಗೆಮನೆಯ ಕತ್ತರಿ, ಕತ್ತರಿ ಇಟ್ಟಲ್ಲಿ ಇಲ್ಲದಿದ್ದರೆ ಮನೆಯವರ ಮೇಲೆ ಸಿಟ್ಟು. ಕೊನೆಗೆ ಪೊಟ್ಟಣವು ಬಾಣ ತೋರಿಸಿದ ಜಾಗವೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಹರಿದು, ಒಳಗಿದ್ದದ್ದು ನೆಲದ ಪಾಲಾಗುತ್ತದೆ. ಇದನ್ನು ನೀವು ನಿಮ್ಮ ಕೈಗುಣವೆಂದು ತಿಳಿದು ನೊಂದಿದ್ದರೆ ಇಂದೇ ಆ ನೋವನ್ನು ಕೆಳಗಿಳಿಸಿ. ತಪ್ಪು ನಮ್ಮದು. ನಮ್ಮದು ಎಂದರೆ, ತಮಿಳುನಾಡಿನ ಗಡಿಯ ಹೊಸೂರಿನ ಕೈಗಾರಿಕಾ ಪ್ರದೇಶದಲ್ಲಿ ಪೊಟ್ಟಣಗಳನ್ನು ಮುದ್ರಿಸುವ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಅನ್ನ ಉಂಡ ನನ್ನಂಥವರದು. ಕಚ್ಚು ಹಾಕುವ ಬ್ಲೇಡು ಮೊಂಡಾಗಿರುವುದು ನಮಗೆ ಗೊತ್ತಿರುತ್ತಿತ್ತು. ನಿಮಗೆ ಹಲ್ಲಿವೆ ಎಂಬುದೂ ಗೊತ್ತಿತ್ತು.

ಯಂತ್ರ ಮುಟ್ಟುವ ಕೆಲಸ ನನ್ನದಲ್ಲ. ಪೊಟ್ಟಣದ ಮೇಲೆ ಅಚ್ಚಾಗುವ ಅಕ್ಷರಗಳನ್ನು ಬರೆಯುವುದು, ತಿದ್ದುವುದು, ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ನಾಲ್ಕನ್ನೂ ಅಂಗೈಯಗಲದ ಜಾಗದಲ್ಲಿ ಜಗಳವಾಡದಂತೆ ಕೂರಿಸುವುದು, ಇಷ್ಟೇ. ಹೊಸೂರಿನಲ್ಲಿ ಹುಟ್ಟಿದವನಿಗೆ ಮೂರು ಭಾಷೆ ಬರುವುದು ವಿದ್ಯೆಯಲ್ಲ, ಬೀದಿಯ ಅಭ್ಯಾಸ. ಆದರೂ ಅದರಿಂದಲೇ ನನಗೊಂದು ಕುರ್ಚಿ ಸಿಕ್ಕಿತು. ಯೌವನದಲ್ಲಿ ಕವಿಯಾಗುವ ಹಂಬಲವಿತ್ತು. ನನ್ನ ಕವಿತೆಗಳನ್ನು ಯಾರೂ ಅಚ್ಚು ಹಾಕಲಿಲ್ಲ. ನನ್ನ ಗದ್ಯವೋ ಪ್ರತಿದಿನ ಮೈಲಿಗಟ್ಟಲೆ ಉದ್ದಕ್ಕೆ ಅಚ್ಚಾಗಿ ಸುರುಳಿ ಸುತ್ತಿಕೊಳ್ಳುತ್ತಿತ್ತು. ಕೊನೆಯ ಕೆಲವು ವರ್ಷ ನಮ್ಮಲ್ಲಿ ನಾಯಿ-ಬೆಕ್ಕುಗಳ ಆಹಾರದ ಚೀಲಗಳದೇ ಭರಾಟೆಯಾದ್ದರಿಂದ, ನನ್ನ ಸಾಹಿತ್ಯವನ್ನು ಹತ್ತಿರದಿಂದ ಮೂಸಿ ನೋಡಿದವರಲ್ಲಿ ಬಹುಪಾಲು ಜನ ನಾಲ್ಕು ಕಾಲಿನವರು. ಅವರಿಂದ ಒಂದು ಪ್ರತಿಕೂಲ ವಿಮರ್ಶೆಯೂ ಬಂದಿಲ್ಲ.

ನಾಯಿಗೆ ಪ್ರತ್ಯೇಕವಾದ ಆಹಾರವಿದೆ, ಆ ಆಹಾರಕ್ಕೆ ಪ್ರತ್ಯೇಕವಾದ ಉಡುಪಿದೆ ಎಂದು ಬೇರಿಕೆ ಹಳ್ಳಿಯಲ್ಲಿದ್ದ ನಮ್ಮ ಅಜ್ಜಿಗೆ ಹೇಳಿದ್ದರೆ ಆಕೆ ನನ್ನ ಹಣೆ ಮುಟ್ಟಿ ಜ್ವರ ನೋಡುತ್ತಿದ್ದಳು. ಅವಳ ನಾಯಿ ಮಿಕ್ಕ ಮುದ್ದೆಯನ್ನು ಹಿತ್ತಲಿನ ಕಲ್ಲಿನ ಗುಳಿಯಲ್ಲಿ ತಿಂದು, ಗುಳಿಯನ್ನೂ ತೊಳೆದಿಟ್ಟು ಹೋಗುತ್ತಿತ್ತು; ಪ್ಯಾಕಿಂಗ್ ಎಂಬ ಸಮಸ್ಯೆಯೇ ಅಲ್ಲಿರಲಿಲ್ಲ. ನಮ್ಮ ಕಾಲಕ್ಕೆ ಕಾಗದದಲ್ಲಿ ಕಟ್ಟಿದ ಬಿಸ್ಕತ್ತು ಬಂತು, ಆಮೇಲೆ ಕನ್ನಡಿಯಂತೆ ಹೊಳೆಯುವ ಕವರು, ತನ್ನ ಕಾಲ ಮೇಲೆ ತಾನೇ ನಿಲ್ಲುವ ಚೀಲ, ಜಿಪ್ಪು ಹಾಕಿದ ಚೀಲ. ಅದಾದ ಮೇಲೆ ಒಂದು ದಿನ ಗಿರಾಕಿಯ ಕಡೆಯವರು ಬಂದು ಹೊಳಪು ಸಾಕು, ಇನ್ನು ಮುಂದೆ ಚೀಲ ಬಡತನದಲ್ಲಿ ಹುಟ್ಟಿದಂತೆ ಕಾಣಬೇಕು ಎಂದರು. ಅಂದಿನಿಂದ ನಾವು ಪ್ಲಾಸ್ಟಿಕ್ಕಿನ ಮೇಲೆ ಒರಟು ಕಾಗದದ ಬಣ್ಣವನ್ನು, ಕಾಗದದ ನಾರುಗಳನ್ನು ಸಹ, ಬಹಳ ಶ್ರದ್ಧೆಯಿಂದ ಮುದ್ರಿಸತೊಡಗಿದೆವು. ಮೂಲೆಯಲ್ಲೊಂದು ಹಸಿರೆಲೆ. ಎಲೆ ಯಾವ ಮರದ್ದೆಂದು ಯಾರೂ ಕೇಳಲಿಲ್ಲ.

ಎಲೆಯ ಹಿಂದೆಯೇ ಬಂದದ್ದು ಮಣ್ಣಾಗುವ ಚೀಲ. ಇದು ವೇಷವಲ್ಲ, ನಿಜವಾದ ವಸ್ತು. ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದ ಹಾಳೆ, ಕೊಳೆಯುವ ಗುಣ ಅದಕ್ಕೆ ಇದೆ ಎಂದು ಪ್ರಮಾಣಪತ್ರವೂ ಇತ್ತು. ಅದಕ್ಕೆ ಕನ್ನಡದಲ್ಲೊಂದು ಸಾಲು ಬೇಕಾಯಿತು. ನಾನು ಎರಡು ದಿನ ಕಾಫಿ ಕುಡಿದು, ‘ಮಣ್ಣಿನಿಂದ ಬಂದದ್ದು ಮಣ್ಣಿಗೇ ಮರಳುವುದು’ ಎಂದು ಬರೆದೆ. ಮನೆಗೆ ಬಂದು ವಿಮಲೆಗೆ ತೋರಿಸಿದೆ. ವಿಮಲೆ ನನ್ನ ಹೆಂಡತಿ, ಸರಕಾರಿ ಶಾಲೆಯಲ್ಲಿ ಕನ್ನಡ ಟೀಚರು. ನನ್ನ ಒಂದು ಕವಿತೆಗೂ ಪಾಸು ಮಾರ್ಕು ಕೊಡದವಳು. ಅವಳು ಆ ಸಾಲನ್ನು ಎರಡು ಸಲ ಓದಿ, “ಚೆನ್ನಾಗಿದೆ ಕಣ್ರೀ” ಅಂದಳು. ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕ ಬಡ್ತಿ ಅದೊಂದೇ ಎಂದು ನಾನು ಇಂದಿಗೂ ಲೆಕ್ಕ ಹಿಡಿಯುತ್ತೇನೆ.

ನಮ್ಮ ಮನೆಯಲ್ಲಿ ಆ ಚೀಲ ತಿಂಗಳಿಗೊಂದರಂತೆ ಖಾಲಿಯಾಗುತ್ತಿತ್ತು, ಕೆಂಚನ ದೆಸೆಯಿಂದ. ಕೆಂಚ ಶಾಲೆಯ ಗೇಟಿನ ಹೊರಗೆ ಮಳೆಯಲ್ಲಿ ನಡುಗುತ್ತಿದ್ದ ಕಂದು ಮರಿ. ವಿಮಲೆ ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದಳು. ಹನ್ನೆರಡು ವರ್ಷ ಅವನು ನಮ್ಮನ್ನು ಸಾಕಿದ. ಕೊನೆಗೆ ಮೂತ್ರಪಿಂಡ ಕೈಕೊಟ್ಟಿತು. ಒಂದು ಬೆಳಿಗ್ಗೆ ಅವಳು ಶಾಲೆಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ, ಎಂದಿನಂತೆ ಬಾಗಿಲವರೆಗೆ ಬರಲು ಎದ್ದವನು ಅರ್ಧದಲ್ಲೇ ಮಲಗಿದ. ಅವಳು ಅಂದು ಶಾಲೆಗೆ ಹೋಗಲಿಲ್ಲ. ಅವನ ತಲೆಯನ್ನು ತೊಡೆಯಿಂದ ಕೆಳಗಿಳಿಸಲೂ ಒಪ್ಪಲಿಲ್ಲ.

ಪಟ್ಟಣದ ಮನೆಗಳಲ್ಲಿ ಬದುಕಲು ಜಾಗವಿರುತ್ತದೆ, ಸಾಯಲು ಇರುವುದಿಲ್ಲ. ನಮ್ಮ ಕಾಂಪೌಂಡಿನೊಳಗೆ ಗೇಣುದ್ದ ಮಣ್ಣಿಲ್ಲ, ಎಲ್ಲ ಸಿಮೆಂಟು, ಅದನ್ನು ಹಾಕಿಸಿದವನೂ ನಾನೇ. ಆಗ ನೆನಪಾದವನು ನಂಜಪ್ಪ. ನಮ್ಮ ಕಾರ್ಖಾನೆಯಲ್ಲಿ ಹಾಳೆಗೆ ಹಾಳೆ ಅಂಟಿಸುವ ಯಂತ್ರ ನಡೆಸುತ್ತಿದ್ದವನು, ನನ್ನ ಜೊತೆಗೇ ನಿವೃತ್ತನಾಗಿ ಉದ್ದನಪಲ್ಲಿಯ ತನ್ನ ಹೊಲಕ್ಕೆ ಮರಳಿದವನು. ಫೋನು ಮಾಡಿದೆ. “ತಕ್ಕಂಬನ್ನಿ ಸಾರ್, ನಮ್ಮ ಹೊಲ ಇರೋದ್ಯಾಕೆ?” ಅಂದ.

ನಮ್ಮ ಕಡೆ ಸಾಕಿದ ನಾಯಿ ಸತ್ತರೆ ಗೋಣಿಚೀಲದಲ್ಲಿ ಸುತ್ತಿ, ಒಂದು ಸೇರು ಉಪ್ಪು ಸುರಿದು ಹೂತು, ಮೇಲೊಂದು ಗಿಡ ನೆಡುವುದು ರೂಢಿ. ನಾಯಿ ಗಿಡಕ್ಕೆ ಹೋಗುತ್ತದೆ ಎನ್ನುತ್ತಾರೆ. ನಾವು ಹೋಗುವಷ್ಟರಲ್ಲಿ ನಂಜಪ್ಪ ಬದುವಿನ ಪಕ್ಕ ಗುಂಡಿ ತೋಡಿದ್ದ, ಅವನ ಹೆಂಡತಿ ಚಿನ್ನಮ್ಮ ಉಪ್ಪು ತಂದಿದ್ದಳು. ಗೋಣಿಚೀಲ ಮಾತ್ರ ಊರಲ್ಲೆಲ್ಲೂ ಸಿಕ್ಕಲಿಲ್ಲ. ರಾಗಿಯೂ ಈಗ ಪ್ಲಾಸ್ಟಿಕ್ ಚೀಲದಲ್ಲೇ ಕೂರುತ್ತದೆ.

“ಚೀಲ ಯಾತಕ್ಕೆ ಬುಡಿ ಸಾರ್, ಬರೀ ಮಣ್ಣಾಗೇ ಮಲಗಿಸ್‌ಬುಡಾನ” ಎಂದ ನಂಜಪ್ಪ.

ಕೆಂಚನ ಮುಖದ ಮೇಲೆ ನೇರವಾಗಿ ಮಣ್ಣು ಬೀಳುವುದನ್ನು ನೋಡಲಾರೆ ಎಂಬಂತೆ ವಿಮಲೆ ಆ ಕಡೆ ತಿರುಗಿಕೊಂಡಳು. ಆಗ ನಾನು, ನನ್ನ ಜೀವಮಾನದ ವಿದ್ಯೆಯೆಲ್ಲ ಈ ಘಳಿಗೆಗಾಗಿಯೇ ಕಾದಿತ್ತು ಎಂಬ ಠೀವಿಯಿಂದ, ಕಾರಿನ ಹಿಂಬದಿಯಲ್ಲಿ ಕೆಂಚನ ಕೆಳಗೆ ಹಾಸಿದ್ದ ಅವನದೇ ಆಹಾರದ ಖಾಲಿ ಚೀಲವನ್ನು ತಂದು ಬಿಚ್ಚಿ ಹಿಡಿದೆ. ಇಪ್ಪತ್ತು ಕೆಜಿಯ ದೊಡ್ಡ ಚೀಲ. ಮೇಲೆ ನಗುತ್ತಿರುವ ನಾಯಿಯ ಚಿತ್ರ, ಹಸಿರೆಲೆ, ನನ್ನ ಸಾಲು.

ನಂಜಪ್ಪನಿಗೆ ಕನ್ನಡ ಓದಲು ಬಾರದು. ಶಾಲೆಯಲ್ಲಿ ಅವನು ಕಲಿತ ಅಷ್ಟಿಷ್ಟು ಅಕ್ಷರ ತಮಿಳಿನದು, ಅದೂ ಮರೆತುಹೋಗಿತ್ತು. ಅವನು ಚೀಲದ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿದ, ಯಂತ್ರದಿಂದ ಬಂದ ಹಾಳೆಯನ್ನು ಮೂವತ್ತು ವರ್ಷ ಉಜ್ಜಿ ನೋಡಿದ ಹಾಗೆಯೇ. “ಇದು ಮಕ್ಕುಮಾ ಸಾರ್?” ಎಂದ. ನಮ್ಮೂರಿನ ಕಸದ ಗಾಡಿಯವರು ಕೊಳೆಯುವ ಕಸಕ್ಕೆ ಹೇಳುವ ತಮಿಳು ಮಾತು ಅದು. ಮಕ್ಕುವುದು ಒಂದು ಬುಟ್ಟಿಗೆ, ಮಕ್ಕದ್ದು ಇನ್ನೊಂದಕ್ಕೆ. “ಬೆರಳಿಗೆ ಪ್ಲಾಸ್ಟಿಕ್ ತರಾನೇ ಸಿಕ್ತದಲ್ಲ?”

“ಮಣ್ಣಾಗುತ್ತೆ ನಂಜಪ್ಪ. ಬರೆದಿದೆ ನೋಡು” ಎಂದೆ.

“ನೀವ್ ಬರ್ದಿದ್ರೆ ಸರಿ ಬುಡಿ” ಎಂದು ಅವನು ಕೆಂಚನನ್ನು ಎತ್ತಿ ಚೀಲದೊಳಗಿಟ್ಟ. ಚಿನ್ನಮ್ಮ ಉಪ್ಪು ಸುರಿದಳು. ನರಿ ಎಳೆಯದಿರಲೆಂದು ಬಾಯನ್ನು ಹುರಿಯಿಂದ ಬಿಗಿಯಾಗಿ ಕಟ್ಟಿದವನು ನಾನು. ಮುಂದಿನ ಭಾನುವಾರ ಅದರ ಮೇಲೆ ಮಾವಿನ ಸಸಿ ನೆಟ್ಟೆವು, ಕೃಷ್ಣಗಿರಿಯ ನರ್ಸರಿಯಿಂದ ವಿಮಲೆಯೇ ಆರಿಸಿ ತಂದ ಸೇಂದೂರ ಜಾತಿಯ ಸಸಿ.

ಅಂದಿನಿಂದ ನಮ್ಮ ಭಾನುವಾರಗಳೆಲ್ಲ ಉದ್ದನಪಲ್ಲಿಗೆ ಸಂದವು. ವಿಮಲೆ ಆ ಸಸಿಗೆ ನೀರು ಹೊಯ್ದು, ಪಾತಿ ಸರಿಮಾಡಿ, ಪಕ್ಕದಲ್ಲಿ ಕೂತು ವಾರದ ಸುದ್ದಿಯನ್ನೆಲ್ಲ ಹೇಳುವಳು. ನನಗೆ ಹೇಳದ ಸುದ್ದಿಗಳೂ ಅದರಲ್ಲಿರುತ್ತಿದ್ದವು. ಹೊಸ ಚಿಗುರು ತಾಮ್ರದ ಬಣ್ಣಕ್ಕೆ ಬಂದಾಗ, “ಅವನ ಕಿವಿ ಬಣ್ಣಾನೇ ಅಲ್ವೇನ್ರೀ?” ಎಂದು ಕೇಳಿದಳು. ಕೆಂಚ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗುವ ವಿಷಯದಲ್ಲಿ ಸದಾ ಉದಾರಿಯಾದ ನಾನು ಅಂದು ಆಡಿಕೊಳ್ಳಲಿಲ್ಲ. ಆ ಸಸಿ ಬದುಕಿದರೆ ಅವಳೂ ಹಳೆಯ ವಿಮಲೆಯಾಗುತ್ತಾಳೆಂದು ನನಗೆ ಅನ್ನಿಸಿಬಿಟ್ಟಿತ್ತು.

ಎರಡನೆಯ ಮಳೆಗಾಲದಲ್ಲಿ ಎಲೆ ಹಳದಿಯಾಯಿತು. ನಂಜಪ್ಪ ಬೇವಿನ ಹಿಂಡಿ ಹಾಕಿದ, ಚಿನ್ನಮ್ಮ ಬೂದಿ ಹಾಕಿದಳು, ನಾನು ಮೊಬೈಲಿನಲ್ಲಿ ಕಂಡ ಔಷಧಿಯನ್ನೆಲ್ಲ ಹಾಕಿದೆ. ದೀಪಾವಳಿಯ ಹೊತ್ತಿಗೆ ಅದು ಬರೀ ಕಡ್ಡಿ. ನಂಜಪ್ಪ ಹಿಡಿದೆಳೆದರೆ ಸುಲಭವಾಗಿ ಕೈಗೆ ಬಂತು; ಬೇರು ಕಪ್ಪಾಗಿ ಕೊಳೆತಿತ್ತು. “ಕೆಳಗೆ ನೀರು ನಿಂತದೆ ಸಾರ್. ಇಂಗ್ತಿಲ್ಲ” ಎಂದು ಗುದ್ದಲಿ ತಂದ. ವಿಮಲೆ ಬದುವಿನ ಮೇಲೆ ಕೂತಿದ್ದಳು. ಮನೆಯೊಳಗೆ ಹೋಗಿರು ಎಂದೆ. ಕೇಳಲಿಲ್ಲ.

ಮೊದಲು ಕಂಡದ್ದು ನಗುತ್ತಿರುವ ನಾಯಿಯ ಚಿತ್ರ. ಒಂದು ಬಣ್ಣವೂ ಮಾಸಿರಲಿಲ್ಲ. ಎಲೆ ಹಸಿರಾಗಿತ್ತು, ನನ್ನ ಸಾಲು ಒತ್ತಕ್ಷರ ಸಮೇತ ಸ್ವಚ್ಛವಾಗಿತ್ತು. ಚೀಲ ಹೊಟ್ಟೆಯುಬ್ಬಿಸಿ, ಒಳಗೆ ನೀರು ತುಂಬಿಕೊಂಡು ಕುಳಿತಿತ್ತು. ಹುರಿ ಕೊಯ್ದಾಗ ಬಂದ ನಾತಕ್ಕೆ ನಾವು ನಾಲ್ವರೂ ಹಿಂದೆ ಸರಿದೆವು. ಕೆಂಚ ಒಳಗಿದ್ದ. ಅವನ ಕಂದು ಕೂದಲು ಇನ್ನೂ ಇತ್ತು, ಕಿವಿಯೊಂದು ಕಿವಿಯಂತೆಯೇ ಇತ್ತು. ಉಳಿದದ್ದನ್ನು ನಿಮಗೆ ಹೇಳಲಾರೆ. ಚೀಲ ತಾನೂ ಮಣ್ಣಾಗಲಿಲ್ಲ, ಎರಡು ಮಳೆಗಾಲ ಅವನನ್ನೂ ಮಣ್ಣಾಗಲು ಬಿಡಲಿಲ್ಲ.

ನಾತಕ್ಕಿಂತ ನನ್ನನ್ನು ಹಿಂದಕ್ಕೆ ತಳ್ಳಿದ್ದು ಬೇರೆ. ಚೀಲ ಉಬ್ಬಿದ್ದರಿಂದ ಅದರ ತಳದ ಮಡಿಕೆ ಬಿಚ್ಚಿಕೊಂಡಿತ್ತು. ಅಲ್ಲಿ ಸಾಸಿವೆಗಾತ್ರದ ಅಕ್ಷರಗಳಲ್ಲಿ ಇನ್ನೊಂದು ಸಾಲಿತ್ತು. ಅದೂ ನನ್ನದೇ. ಕಾನೂನಿನ ಪ್ರಕಾರ ಅದನ್ನು ಹಾಕಲೇಬೇಕಿತ್ತು, ಮುಂದೆ ಹಾಕಿದರೆ ದೊಡ್ಡ ಸಾಲಿನ ಅಂದ ಕೆಡುತ್ತದೆಂದು ಗಿರಾಕಿಯವರು ಮುಖ ಸಿಂಡರಿಸಿದ್ದರು. ಚೀಲ ತುಂಬಿ ನಿಂತಾಗ ಯಾರ ಕಣ್ಣಿಗೂ ಬೀಳದ ಆ ಮಡಿಕೆಯನ್ನು ಹುಡುಕಿ ಕೊಟ್ಟವನು ನಾನು. ಜಾಣತನಕ್ಕೆ ಶಹಭಾಸ್ ಅನ್ನಿಸಿಕೊಂಡಿದ್ದೆ. ಆಮೇಲೆ ದೊಡ್ಡಕ್ಷರವನ್ನು ನೆನಪಿಟ್ಟುಕೊಂಡು, ಸಣ್ಣಕ್ಷರವನ್ನು ಸಲೀಸಾಗಿ ಮರೆತೆ. ಊರಿಗೆಲ್ಲ ಹೇಳಿದ ಸುಳ್ಳನ್ನು ಕಡೆಗೆ ಮನೆಮಂದಿಗೂ ಹೇಳಿ, ತಾನೂ ನಂಬುವವನು ಎಂಥ ದಡ್ಡನಿರಬೇಕು! ಓದಲು ಬಾರದ ನಂಜಪ್ಪನ ಬೆರಳಿಗೆ ತಿಳಿದದ್ದು ಬರೆದವನಿಗೆ ತಿಳಿಯಲಿಲ್ಲ, ಮತ್ತು ಅವನು ತನ್ನ ಬೆರಳನ್ನು ಬಿಟ್ಟು ನನ್ನನ್ನು ನಂಬಿದ.

ವಿಮಲೆ ಎದ್ದು ಬಂದು, ಮೂಗಿಗೆ ಸೆರಗು ಹಿಡಿದು, ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ತರಗತಿಯಲ್ಲಿ ಪಾಠ ಓದುವಂತೆ ಗಟ್ಟಿಯಾಗಿ ಓದಿದಳು. “ಅತಿ ಶಾಖದ ವಿಶೇಷ ಗೊಬ್ಬರ ಘಟಕಗಳಲ್ಲಿ ಮಾತ್ರ ಕೊಳೆಯುತ್ತದೆ. ಮನೆಯಲ್ಲಾಗಲಿ ಹೊಲದಲ್ಲಾಗಲಿ ಹೂಳಬಾರದು.”

“ಅಂಗಂದ್ರೆ ಏನ್ ಟೀಚರಮ್ಮ?” ಎಂದು ಕೇಳಿದಳು ಚಿನ್ನಮ್ಮ.

ವಿಮಲೆ ನನ್ನ ಕಡೆ ತಿರುಗಿದಳು. “ಇದನ್ನೂ ನೀವೇ ಬರೆದದ್ದಾ?”

“ಹೌದು.”

“ನಂಗೆ ಅವತ್ತು ಇದನ್ನ ಯಾಕೆ ತೋರಿಸ್ಲಿಲ್ಲ?”

ನಾನು ಗುದ್ದಲಿ ಎತ್ತಿಕೊಳ್ಳಲು ಬಗ್ಗಿದೆ. ನಂಜಪ್ಪ ನಡುವೆ ಬಂದು, “ಓಗ್ಲಿ ಬುಡಿ ಟೀಚರಮ್ಮ, ಸಾರ್‌ಗೂ ಗೊತ್ತಿರ್ಲಿಲ್ಲ” ಎಂದ. ಗೊತ್ತಿತ್ತು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಬರೆಯುವವನಾದ್ದರಿಂದ ಈಗ ಬರೆಯುತ್ತಿದ್ದೇನೆ.

ಚಿನ್ನಮ್ಮ ತನ್ನ ಹಳೆಯ ನೂಲು ಸೀರೆಯೊಂದನ್ನು ತಂದು ಎರಡಾಗಿ ಹರಿದಳು. ಅದು ಹೇಳಿದ ಜಾಗದಲ್ಲಿ, ಹೇಳಿದ ಹಾಗೆ ಹರಿಯಿತು. ನಂಜಪ್ಪ ಹೊಸ ಗುಂಡಿ ತೋಡಿ, ಕೆಂಚನನ್ನು ಸೀರೆಯಲ್ಲಿ ಸುತ್ತಿ ಇಳಿಸಿದ. ಈ ಸಲ ಮಣ್ಣು ಹಾಕುವಾಗ ವಿಮಲೆ ಮುಖ ತಿರುಗಿಸಲಿಲ್ಲ. ತಾನೇ ಮೊದಲ ಹಿಡಿ ಹಾಕಿದಳು. ಇನ್ನೊಂದು ಸಸಿ ತರೋಣವೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಹೊರಡುವಾಗ ನಂಜಪ್ಪ ಚೀಲವನ್ನು ಬಾವಿಕಟ್ಟೆಯ ಹತ್ತಿರ ತೊಳೆದು, ಮಡಿಸಿ, ಬಹಳ ಸಂಕೋಚದಿಂದ ನನ್ನ ಕೈಗೆ ಕೊಟ್ಟ. “ಬೇಜಾರ್ ಮಾಡ್ಕಬ್ಯಾಡಿ ಸಾರ್. ಇದು ನಮ್ಮ ಹೊಲ್ದಾಗೆ ಬ್ಯಾಡ.”

ಮನೆಗೆ ಬಂದು ಅದನ್ನು ಕಸದ ಬುಟ್ಟಿಗೆ ಹಾಕಲು ಹೋದೆ. “ಎಲ್ಲಿ ಬಿಸಾಕ್ತೀರಾ?” ಎಂದಳು ವಿಮಲೆ. ಗಾಡಿಗೆ ಎಂದೆ. “ಗಾಡಿ ಎಲ್ಲಿಗೆ ಹೋಗುತ್ತೆ?” ಎಂದಳು. ಊರಾಚೆಯ ಕಸದ ಗುಡ್ಡಕ್ಕೆ ಎಂದೆ. “ಆ ಗುಡ್ಡದ ಕೆಳಗೆ ಇರೋದು ಯಾರ ಹೊಲ?”

ಚೀಲ ಈಗ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ, ತಳದ ಮಡಿಕೆ ಕಾಣುವಂತೆ ತಲೆಕೆಳಗಾಗಿ ತೂಗುತ್ತಿದೆ. ಹಾಗೆ ತೂಗುಹಾಕಿದವಳು ಅವಳು. ದಿನಕ್ಕೆ ಹತ್ತು ಸಲ ಅದರ ಮುಂದೆ ಹಾದು ಹೋಗುತ್ತಾಳೆ. ನಾನು ಬೆಳಿಗ್ಗೆ ಕಾಫಿಗೆ ಹೋದಾಗ ಆ ಸಣ್ಣಕ್ಷರಗಳನ್ನು ಕನ್ನಡಕವಿಲ್ಲದೆಯೇ ಓದಬಲ್ಲೆ.