ದಹಿಸರ್‌ನ ಡಾಕ್ಟರಿಗೆ ನಾನು ಹೇಳಿದ ಸುಳ್ಳು

ಮುಂಬಯಿಯ ಚೆಂಬೂರಿನಲ್ಲಿ ನಮ್ಮ ಮನೆಯ ಹಿಂದುಗಡೆಯ ಬಿಲ್ಡಿಂಗಿನಲ್ಲೇ ನನ್ನ ಅಣ್ಣ ರಾಘಣ್ಣನ ಮನೆ. ಆ ಮನೆಯಲ್ಲೀಗ ಗ್ಯಾಸ್ ಒಲೆ ಇಲ್ಲ. ಮೂವತ್ತು ವರ್ಷ ಬೈಕುಲ್ಲಾದ ಹೋಟೆಲೊಂದರ ಕಿಚನ್ನಿನಲ್ಲಿ ಬೆಂಕಿಯ ಎದುರು ನಿಂತವನು, ಈಗ ಲೈಟರ್ ಟಕ್ ಎಂದರೆ ಸಾಕು, ಚಪ್ಪಲಿಯನ್ನೂ ಮೆಟ್ಟದೆ ಕೆಳಗೆ ಓಡುತ್ತಾನೆ. ಅತ್ತಿಗೆ ಇಂಡಕ್ಷನ್ ತಂದಿಟ್ಟಿದ್ದಾಳೆ. ಸರಿ, ಸ್ವಂತ ಮನೆಯ ಲೈಟರ್ ಎತ್ತಿಡಬಹುದು. ಪಕ್ಕದ ಮನೆಯವರದ್ದು?

(ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ, ಮುಚ್ಚಿಡುಕೆ ಎಂತ ಉಳ್ದಿತ್?" ಎಂದ.)

ಕಳೆದ ವರ್ಷ ಆ ಹೋಟೆಲಿನ ಕಿಚನ್ನಿನಲ್ಲಿ ಗ್ಯಾಸ್ ಲೀಕಾಗಿ ಬೆಂಕಿ ಹತ್ತಿತು. ಅಣ್ಣ ಹೊರಗೆ ಬಂದ. ದೋಸೆ ಹುಯ್ಯುತ್ತಿದ್ದ ಸುರೇಶ, ನಮ್ಮ ಊರಿನವನೇ, ಬರಲಿಲ್ಲ.

ಆಮೇಲಿನದ್ದು ನಿಮಗೆ ಗೊತ್ತಿರುವಂಥದ್ದೇ. ಹರಕೆ, ತಾಯಿತ, ನಿದ್ದೆ ಮಾತ್ರೆ. ಗಂಡಸಾಗಿ ಇಷ್ಟಕ್ಕೆಲ್ಲ ಹೆದರುವುದೇ ಎಂಬ ಉಪದೇಶ ಫ್ರೀ! ಕೊನೆಗೆ ಅತ್ತಿಗೆಗೆ ಯಾರೋ ಹೇಳಿದರು: ಕಣ್ಣು ಆಡಿಸುವ ಥೆರಪಿಯಂತೆ, ಕೆಲವೇ ಸಿಟ್ಟಿಂಗ್ ಸಾಕಂತೆ. ನನಗೆ ನಂಬಿಕೆ ಬರಲಿಲ್ಲ. ಆದರೆ ಬೇರೆ ದಾರಿ ಏನಿತ್ತು?

ಚೆಂಬೂರಿನಲ್ಲೇ ಒಬ್ಬರು ಸಿಕ್ಕಿದ್ದರು. ನಾನೇ ಬೇಡವೆಂದೆ. ಅಣ್ಣನ ಮಗಳಿಗೆ ಸಂಬಂಧ ನೋಡುತ್ತಿದ್ದೇವೆ, ನಮ್ಮವರು ಯಾರಾದರೂ ಕಂಡರೆ? ಹಾಗಾಗಿ ಕುರ್ಲಾದಲ್ಲಿ ಒಮ್ಮೆ, ದಾದರ್‌ನಲ್ಲಿ ಒಮ್ಮೆ ಲೋಕಲ್ ಬದಲಿಸಿ ದಹಿಸರ್‌ವರೆಗೆ ಹೋದೆವು. ಅಲ್ಲಿಯ ಸ್ಟೇಷನ್ನಿನಲ್ಲೂ ಪರಿಚಯದ ಶೆಟ್ಟರೊಬ್ಬರು ಎದುರಾಗಬೇಕೇ! "ಕಣ್ಣಿನ ಡಾಕ್ಟರ್ ಹತ್ರ ಬಂದದ್ದು" ಎಂದು ತಪ್ಪಿಸಿಕೊಂಡೆ.

ಡಾಕ್ಟರ್ ಚಿಕ್ಕ ವಯಸ್ಸಿನ ಮರಾಠಿ ಹುಡುಗಿ. "ಕಾಕಾ, ಆರಾಮ್ ಸೇ ಬೈಠಿಯೇ" ಎಂದಳು. ಆ ದಿನದ ಅತಿ ಕೆಟ್ಟ ಕ್ಷಣವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಆಗ ತನ್ನ ಬಗ್ಗೆ ತನಗೇನನ್ನಿಸುತ್ತದೆ, ಸಂಕಟ ಹತ್ತರಲ್ಲಿ ಎಷ್ಟು, ಹೇಳಬೇಕು. ನಂತರ ಅವಳ ಬೆರಳು ಎಡಕ್ಕೂ ಬಲಕ್ಕೂ ಓಡುತ್ತದೆ, ತಲೆ ಅಲ್ಲಾಡಿಸದೆ ಕಣ್ಣಷ್ಟೇ ಅದರ ಹಿಂದೆ ಹೋಗಬೇಕು. ನೆನಪು ಅಳಿಯುವುದಿಲ್ಲ, ಅದರ ಉರಿ ತಗ್ಗುತ್ತದೆ ಎಂದಳು. ಹೇಳುವುದನ್ನು ಸ್ವಂತ ಭಾಷೆಯಲ್ಲೇ ಹೇಳಲಿ, ತಂಗಿ ಹಿಂದಿಯಲ್ಲಿ ತಿಳಿಸಲಿ ಎಂದಳು.

ಅಣ್ಣನಿಗೆ ಹಿಂದಿ ಬರುತ್ತದೆ. ಆದರೆ ಅದು ತರಕಾರಿಯವನನ್ನು ಬೈಯುವ ಹಿಂದಿ. ಒಳಗಿನದ್ದನ್ನು ಹೇಳಲು ಕುಂದಾಪುರದ ಕನ್ನಡವೇ ಆಗಬೇಕು.

"ರ್‍ಯಾಕ್ ಬಿದ್ದ್ ಅವ್ನ ಕಾಲ್ ಸಿಕ್ಕಂಡಿತ್ತ್. ರಾಘಣ್ಣಾ ಅಂದ್ ಎರ್ಡ್ ಸಲ ಕರ್ದ. ನಾನ್ ಕೇಂಡೆ. ಕೇಂಡೂ ಓಡ್ದೆ. ನಾನ್ ಹೇಡಿ."

ಕರೆದದ್ದು ಕೇಳಿಸಿಯೂ ಓಡಿದೆ ಎಂದು ಅಣ್ಣನ ಬಾಯಿಂದ ಕೇಳಿದ್ದು ಅದೇ ಮೊದಲು. ಡಾಕ್ಟರ್ ನನ್ನತ್ತ ನೋಡಿದಳು. ನಾನು ಹಿಂದಿಯಲ್ಲಿ ಏನೆಂದೆ ಗೊತ್ತೇ? ಹೊಗೆ ತುಂಬಿತ್ತಂತೆ, ಏನೂ ಕಾಣಿಸಲಿಲ್ಲವಂತೆ, ಉಳಿಸಲು ಆಗಲಿಲ್ಲವಲ್ಲ ಎಂದು ದುಃಖವಂತೆ.

ನಾಲಿಗೆ ತಾನಾಗಿಯೇ ಹೊರಳಿತು. ಒಡಹುಟ್ಟಿದವನು ಹೇಡಿ ಎಂದು ಹೊರಗಿನವಳ ಮುಂದೆ ಹೇಗೆ ಹೇಳಲಿ? ಸುರೇಶನ ಅಮ್ಮನಿಗೂ, ಏನಾಯಿತೆಂದು ಅಣ್ಣನನ್ನು ಕೇಳದೆಯೇ, ನಾವು ಆ ಹೊಗೆಯ ಕಥೆಯನ್ನೇ ಹೇಳಿದ್ದೆವು.

ನಾಲ್ಕು ಸಿಟ್ಟಿಂಗ್ ಆಯಿತು. ಸಂಕಟ ಒಂಬತ್ತು, ಒಂಬತ್ತು, ಎಂಟು, ಮತ್ತೆ ಒಂಬತ್ತು. ಪಾಪ, ಆ ಹುಡುಗಿ ಪ್ರತಿ ಸಲವೂ ಹೊಗೆಯಲ್ಲಿ ಏನೂ ಕಾಣದ ಆ ಕ್ಷಣ ನೆನೆಯಿರಿ ಎನ್ನುತ್ತಿದ್ದಳು. ಅಣ್ಣ ತಲೆಯಾಡಿಸುತ್ತಿದ್ದ. "ಕುಛ್ ಛೂಟ್ ರಹಾ ಹೈ" (ಏನೋ ಬಿಟ್ಟುಹೋಗುತ್ತಿದೆ) ಎಂದು ಅವಳು ತಲೆ ಕೆರೆದುಕೊಂಡಾಗ ನಾನು ಫ್ಯಾನ್ ನೋಡುತ್ತಾ ಕುಳಿತೆ.

ನಾಲ್ಕನೆಯ ಸಲ ಹಿಂದಿರುಗುವಾಗ ಪ್ಲಾಟ್‌ಫಾರ್ಮಿನಲ್ಲಿ ಅಣ್ಣ ಮೆಲ್ಲಗೆ ಹೇಳಿದ. "ಹೊಗೆ ಇರ್ಲಿಲ್ಲ, ಮಾರಾಯ್ತಿ."

ಹಿಂದಿ ಅವನಿಗೆ ಅರ್ಥವಾಗುತ್ತದಲ್ಲ! ಮೊದಲ ದಿನದಿಂದಲೂ ಕೇಳಿಸಿಕೊಂಡು ಸುಮ್ಮನಿದ್ದ.

"ಆಗ್ಲೇ ಎಂತಕೆ ಹೇಳ್ಲಿಲ್ಲ?"

"ನನ್ ತಂಗಿಗೇ ಕೇಂಬುಕೆ ಆತಿಲ್ಲ. ಇನ್ ಬೇರೆಯವ್ರಿಗೆ ಹ್ಯಾಂಗ್ ಹೇಳುದ್?"

ಹೊಟ್ಟೆ ನೋವೆಂದರೆ ನಾವು ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇವೆ, ಕೇಳದಿದ್ದರೂ ಹೇಳುತ್ತೇವೆ. ಮನಸ್ಸಿನ ಗಾಯವನ್ನು ಮಾತ್ರ ಪೌಡರ್ ಹಚ್ಚಿ ಕರೆದೊಯ್ಯುತ್ತೇವೆ. ಮನೆಯ ಮಾನ ಉಳಿಯಿತು, ಸರಿ. ಅಣ್ಣ?

ಮರುದಿನ ಡಾಕ್ಟರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವಳು ಬೈಯಲಿಲ್ಲ (ಬೈದಿದ್ದರೆ ಚೆನ್ನಾಗಿತ್ತು). "ಕಾಕಾನನ್ನು ಕರ್ಕೊಂಡು ಬನ್ನಿ. ನೀವು ಹೊರಗೆ ಕೂತಿರಿ" ಎಂದಳು, ಹಿಂದಿಯಲ್ಲಿ.

ಅಣ್ಣ ಒಪ್ಪಲಿಲ್ಲ. "ಡಾಕ್ಟ್ರಿಗೆ ಹೇಳ್ವ. ಅದ್ಕ್ ಮೊದ್ಲ್ ನೀ ನನ್ ಮುಖ ಕಂಡ್ ಹೇಳ್. 'ಸುರೇಶ ಕರ್ದದ್ದ್ ನಿಂಗೆ ಕೇಂಡಿತ್, ಆದ್ರೂ ನೀ ಓಡ್ದೆ' ಅಂದ್ ಹೇಳ್. ಹೇಳಿ ಆದ್ಮೇಲೂ ನನ್ನ ಅಣ್ಣ ಅಂದ್ ಕರಿತ್ಯಾ, ಕಾಂಬ."

"ಚಾ ಮಾಡ್ಲಾ?" ಎಂದೆ. ಅವನು ಎದ್ದು ಒಳಗೆ ಹೋದ. ಅದಾಗಿ ಇಂದಿಗೆ ಮೂರು ವಾರ, ನಾನಿನ್ನೂ ಹೇಳಿಲ್ಲ.

ನಿಮಗೆಲ್ಲ ಇಷ್ಟು ಸಲೀಸಾಗಿ ಹೇಳಿದ್ದನ್ನು ಅವನೊಬ್ಬನಿಗೆ ಹೇಳಲು ನನಗೇಕೆ ಬಾಯಿ ಬರುತ್ತಿಲ್ಲ?