ಸದ್ದಿಲ್ಲದ ನಗೆಕೂಟ

ಗೆಳೆಯರೇ, ಇವತ್ತು ಬೆಳಿಗ್ಗೆ ನಾವು ಹತ್ತು ಹನ್ನೆರಡು ಮುದುಕರು ಸೇರಿ ಸದ್ದಿಲ್ಲದೆ ನಕ್ಕೆವು.

ಚಿತ್ರದುರ್ಗದ ಹೊರಗಿರುವ ನಮ್ಮ ನಿವೃತ್ತರ ಬಡಾವಣೆಯಲ್ಲಿ ದಿನಾ ಬೆಳಿಗ್ಗೆ ಕೈ ಎತ್ತಿ ಜೋರಾಗಿ ನಗುವ ನಗೆಕೂಟ ನಡೆಯುತ್ತದೆ. ಮೊದಲ ನಗೆ ಯಾವಾಗಲೂ ಧರ್ಮಪುರದ ಕರಿಯಪ್ಪನವರದು. ಕುರಿಗಳನ್ನು ಕೂಗಿ ಕರೆದು ಬೆಳೆದ ಗಂಟಲು, ಕಾಂಪೌಂಡಿನ ಆಚೆಗೂ ಕೇಳುತ್ತಿತ್ತು. ಹೋದ ವಾರ ಅವರು ತೀರಿಕೊಂಡರು. ಆಮೇಲೆ ನಾವು ಮತ್ತೆ ಸೇರಿದ್ದು ಇವತ್ತೇ.

"ಸೂತಕ ಕಳ್ಯೋತಂಕ ನಗೋದು ಬ್ಯಾಡ. ಅವ್ರ ಹೆಂಡ್ತಿ ಈರಮ್ಮನ ಅಡಿಗೆಮನೆ ಕಿಟಕಿ ಇಲ್ಲೇ ಐತೆ," ಎಂದರು ರುದ್ರಪ್ಪನವರು.

"ನಿಲ್ಸಿದ್ರೆ ಕರಿಯಪ್ಪನೋರೇ ಬೈತಿದ್ರು," ಎಂದು ಸರೋಜಮ್ಮ ರೇಗಿದರು.

ಜೋರು ಜಗಳವಾಗಿ ಕೊನೆಗೆ ರಾಜಿಯಾಯಿತು. ಕೈ ಎತ್ತುವುದು, ಬಾಯಿ ತೆರೆಯುವುದು, ಸದ್ದು ಮಾತ್ರ ಬೇಡ. ಹಾಗೆ ನಗುತ್ತಾ ನಿಂತಿದ್ದಾಗ ಈರಮ್ಮನೇ ಹೊರಗೆ ಬಂದರು. ಎತ್ತಿದ ಕೈಗಳನ್ನು ಇಳಿಸಲೂ ನಮಗೆ ತೋಚಲಿಲ್ಲ.

"ಯಾಕ್ರಿ ಸದ್ದೇ ಇಲ್ಲ?"

"ನಿಮ್ಗೆ ನೋವಾಗ್ಬಾರ್ದು ಅಂತ, ತಾಯಿ," ಎಂದೆ.

"ಮನೇಲಿ ಅವ್ರು ಒಂದಿನಾನೂ ನಕ್ಕೋರಲ್ಲ ಕಣ್ರಿ. ಇಲ್ಲಿ ನಗೋದನ್ನ ಕೇಳ್ಕಂತ ನಾನು ರೊಟ್ಟಿ ತಟ್ತಿದ್ದೆ. ಈಗ್ಲೂ ಕಿಟಕಿ ತೆಗ್ದಿಟ್ಕಂಡೇ ಕುಂತೀನಿ. ನಗ್ರಿ," ಎಂದವರು ಒಳಗೆ ಹೋದರು.

ರುದ್ರಪ್ಪನವರೇ ಶುರು ಮಾಡಿದರು. ಯಾರಿಗೂ ನಗು ಬರುತ್ತಿರಲಿಲ್ಲ, ಆದರೂ ಗಂಟಲು ಹರಿಯುವಂತೆ ನಕ್ಕೆವು.

ಸುಳ್ಳು ನಗೆಯೂ ಆರೋಗ್ಯಕ್ಕೆ ಒಳ್ಳೆಯದು ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಯಾರ ಆರೋಗ್ಯಕ್ಕೆ ಅಂತ ಹೇಳಿರಲಿಲ್ಲ.